ಅಮೆರಿಕದ ಹದಿಹರೆಯದವರ ರೋಯಿಂಗ್ ಮತ್ತು ಕಾಲೇಜು ಪ್ರವೇಶ

ರೋಯಿಂಗ್ ಎಂಬುದು ಉದ್ದನೆಯ, ಕಿರಿದಾದ, ಹಗುರವಾದ ದೋಣಿಯಲ್ಲಿ ಬೆನ್ನುಹಾಕಿ ಕುಳಿತು ಹುಟ್ಟಿನಿಂದ ನೀರನ್ನು ಎಳೆಯುತ್ತ ಸಾಗುವ ವೇಗದ ಸ್ಪರ್ಧೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಕಲಿತು ಹದಿನೆಂಟಕ್ಕೆ ಕಾಲೇಜು ತಂಡ ಸೇರುವ ಕ್ರೀಡೆಯಾಗಿ ಬೆಳೆದಿದೆ. ಇದಕ್ಕೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕರಿಲ್ಲ, ದೊಡ್ಡ ವೃತ್ತಿಪರ ಲೀಗ್ ಇಲ್ಲ, ಗೆದ್ದವರಿಗೆ ಹೇಳಿಕೊಳ್ಳುವಷ್ಟು ಹಣವೂ ಇಲ್ಲ. ಆದರೂ ಹೆಸರಾಂತ ವಿಶ್ವವಿದ್ಯಾಲಯಗಳು ಪ್ರತಿವರ್ಷ ರೋಯಿಂಗ್ ಪಟುಗಳನ್ನು ಹುಡುಕಿ ಸೇರಿಸಿಕೊಳ್ಳುತ್ತವೆ. ಇದಕ್ಕೆ ಮುಖ್ಯ ಕಾರಣ ಮೂರು: ಆಟಗಾರರ ಶಕ್ತಿಯನ್ನು ಅಂಕಿಯಲ್ಲಿ ಹೇಳಬಲ್ಲ ಒಂದು ಯಂತ್ರ, ಮಹಿಳೆಯರಿಗೆ ಸಮಾನ ಅವಕಾಶ ಕೊಡಿಸಿದ ಒಂದು ಕಾಯ್ದೆ, ಮತ್ತು ಕೋಚ್‌ನ ಮಾತಿಗೆ ಬೆಲೆ ಕೊಡುವ ಅಲ್ಲಿನ ಪ್ರವೇಶ ಪದ್ಧತಿ.

ಕ್ರೀಡೆಯ ಸ್ವರೂಪ

ತುಂಗಭದ್ರೆಯ ಹರಿಗೋಲಿನಲ್ಲಾಗಲಿ ಕೇರಳದ ವಳ್ಳಂಕಳಿಯ ದೋಣಿಗಳಲ್ಲಾಗಲಿ ಹುಟ್ಟು ಅಂಬಿಗನ ಕೈಯಲ್ಲೇ ಇರುತ್ತದೆ, ಮುಖ ಸಾಗುವ ದಿಕ್ಕಿಗೆ ಇರುತ್ತದೆ. ರೋಯಿಂಗ್‌ನಲ್ಲಿ ಇವೆರಡೂ ತಿರುವುಮುರುವು. ದೋಣಿಯ ಪಕ್ಕಕ್ಕೆ ಚಾಚಿಕೊಂಡ ಚೌಕಟ್ಟಿನ ತುದಿಯಲ್ಲಿ ಹುಟ್ಟನ್ನು ಸಿಕ್ಕಿಸಿರುತ್ತಾರೆ. ಅದು ಆ ಬಿಂದುವಿನ ಮೇಲೆ ಸನ್ನೆಗೋಲಿನಂತೆ ತಿರುಗುತ್ತದೆ. ಪಾದಗಳು ಹಲಗೆಗೆ ಬಿಗಿದ ಬೂಟುಗಳಲ್ಲಿರುತ್ತವೆ. ಆಸನಕ್ಕೆ ಗಾಲಿಗಳಿದ್ದು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಹೀಗಾಗಿ ನೋಡುವವರಿಗೆ ತೋಳಿನ ಕೆಲಸವಾಗಿ ಕಂಡರೂ ಬಲದ ಬಹುಪಾಲು ಬರುವುದು ತೊಡೆ ಮತ್ತು ಬೆನ್ನಿನಿಂದ.

ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟಿದ್ದರೆ ಅದು ಸ್ವೀಪ್, ಎರಡೆರಡಿದ್ದರೆ ಸ್ಕಲಿಂಗ್. ಸ್ವೀಪ್‌ನಲ್ಲಿ ಇಬ್ಬರ, ನಾಲ್ವರ, ಎಂಟು ಜನರ ದೋಣಿಗಳಿವೆ; ಸ್ಕಲಿಂಗ್‌ನಲ್ಲಿ ಒಂಟಿ, ಜೋಡಿ, ನಾಲ್ವರ ದೋಣಿಗಳು. ಕಾಲೇಜು ರೋಯಿಂಗ್‌ನ ಕೇಂದ್ರ ‘ಏಯ್ಟ್’, ಅಂದರೆ ಎಂಟು ಜನ ಎಳೆಯುವ, ಒಬ್ಬರು ನಡೆಸುವ ದೋಣಿ. ಕಾರ್ಬನ್ ನಾರಿನಿಂದ ಮಾಡಿದ ಇದು ಸುಮಾರು 18 ಮೀಟರ್ ಉದ್ದವಿದ್ದರೂ ಅಂತರರಾಷ್ಟ್ರೀಯ ನಿಯಮದಂತೆ ಇದರ ಕನಿಷ್ಠ ತೂಕ 96 ಕಿಲೋ ಮಾತ್ರ. ಒಂಟಿ ದೋಣಿಯ ಕನಿಷ್ಠ ತೂಕ 14 ಕಿಲೋ.

ದೋಣಿಯ ಮುಂತುದಿಯಲ್ಲಿ ಕೂರುವವರು ‘ಬೋ’, ಒಂದನೆಯ ಆಸನ. ಹಿಂತುದಿಗೆ ಹತ್ತಿರವಿರುವ ಎಂಟನೆಯವರು ‘ಸ್ಟ್ರೋಕ್’. ಉಳಿದ ಏಳೂ ಜನ ಇವರ ಲಯಕ್ಕೆ ಹೊಂದಿಕೊಂಡು ಎಳೆಯುತ್ತಾರೆ. ಸ್ಟ್ರೋಕ್‌ಗೆ ಎದುರಾಗಿ, ಸಾಗುವ ದಿಕ್ಕನ್ನು ನೋಡುತ್ತ ಕೂರುವವರು ‘ಕಾಕ್ಸ್’. ಚುಕ್ಕಾಣಿ ಹಿಡಿಯುವುದು, ಎದುರಾಳಿ ಎಷ್ಟು ಹಿಂದಿದ್ದಾರೆಂದು ಹೇಳುವುದು, ಯಾವಾಗ ವೇಗ ಹೆಚ್ಚಿಸಬೇಕೆಂದು ಕೂಗಿ ಹೇಳುವುದು ಇವರ ಕೆಲಸ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಕ್ಸ್ 55 ಕಿಲೋಗಿಂತ ಕಡಿಮೆ ತೂಗಿದರೆ ಕೊರತೆಯಷ್ಟು ಭಾರವನ್ನು ದೋಣಿಯಲ್ಲಿ ಇಟ್ಟುಕೊಳ್ಳಬೇಕು.

ಪ್ರಮಾಣಿತ ದೂರ 2000 ಮೀಟರ್, ಸಾಮಾನ್ಯವಾಗಿ ಆರು ಲೇನು. ಹೊರಡುವಾಗ ಎಂಟೂ ಹುಟ್ಟುಗಳು ನೀರಿನಲ್ಲಿ ಮುಳುಗಿರುತ್ತವೆ, ಮೊಣಕಾಲುಗಳು ಎದೆಗೆ ಬಂದಿರುತ್ತವೆ. ನಿಶಾನೆ ಸಿಕ್ಕೊಡನೆ ಮೊದಲು ಗಿಡ್ಡ ಎಳೆತಗಳು, ಆಮೇಲೆ ಉದ್ದನೆಯವು. ನಿಮಿಷಕ್ಕೆ ನಲವತ್ತನ್ನು ಮೀರಿದ ಎಳೆತದ ಗತಿ ಕೆಲವೇ ಕ್ಷಣಗಳಲ್ಲಿ ಮೂವತ್ತೈದರ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ಒಬ್ಬರ ಹುಟ್ಟಿನ ಅಲಗು ಓರೆಯಾಗಿ ನೀರಿಗಿಳಿದರೆ ಅದು ಆಳಕ್ಕೆ ಸೆಳೆದುಕೊಂಡು, ಹಿಡಿಕೆ ಎದೆಗೋ ಹೊಟ್ಟೆಗೋ ಬಡಿಯುತ್ತದೆ. ಪಟುಗಳು ಇದನ್ನು ‘ಕ್ರ್ಯಾಬ್’ ಎನ್ನುತ್ತಾರೆ. ಜೋರಾದ ಕ್ರ್ಯಾಬ್ ಎಳೆಯುವವರನ್ನು ದೋಣಿಯಿಂದಲೇ ಹೊರಗೆಸೆದದ್ದುಂಟು. ಏಯ್ಟ್‌ನಲ್ಲಿ ಒಬ್ಬರ ತಪ್ಪಿಗೆ ಒಂಬತ್ತೂ ಜನ ಬೆಲೆ ತೆರುತ್ತಾರೆ. ಮಧ್ಯದಲ್ಲಿ ಆಟಗಾರರನ್ನು ಬದಲಿಸುವ ಅವಕಾಶವಿಲ್ಲ.

ಚರಿತ್ರೆ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ದೋಣಿ ಪಂದ್ಯ 1829ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಯೇಲ್ ವಿದ್ಯಾರ್ಥಿಗಳು 1843ರಲ್ಲಿ, ಹಾರ್ವರ್ಡ್‌ನವರು ಅದರ ಮರುವರ್ಷ ದೋಣಿ ಕ್ಲಬ್ ಕಟ್ಟಿಕೊಂಡರು. 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದಲ್ಲಿ ಇವೆರಡೂ ಎದುರಾದವು, ಹಾರ್ವರ್ಡ್ ಗೆದ್ದಿತು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲ ಕ್ರೀಡಾ ಸ್ಪರ್ಧೆ ಇದೇ. ಆ ಸರೋವರದ ಕಡೆಗೆ ಪ್ರವಾಸಿಗರನ್ನು ಸೆಳೆಯಲು ರೈಲು ಕಂಪನಿಯೊಂದು ಇದರ ಖರ್ಚು ವಹಿಸಿಕೊಂಡಿತ್ತು. ಗೆದ್ದವರಿಗೆ ಬಹುಮಾನ ಕೊಟ್ಟ ಫ್ರ್ಯಾಂಕ್ಲಿನ್ ಪಿಯರ್ಸ್ ಮೂರು ತಿಂಗಳ ಬಳಿಕ ಅಮೆರಿಕದ ಅಧ್ಯಕ್ಷರಾಗಿ ಚುನಾಯಿತರಾದರು. ಮುಂದೆ ಅಮೆರಿಕದ ಕಾಲೇಜು ಕ್ರೀಡೆಗೆ ಅಂಟಿಕೊಂಡ ವ್ಯಾಪಾರದ ನಂಟು ಮೊದಲ ದಿನದಿಂದಲೇ ಇತ್ತು.

ಫಿಲಡೆಲ್ಫಿಯದ ಸ್ಕೂಕಿಲ್ ನದಿಯ ಕ್ಲಬ್ಬುಗಳು 1858ರಲ್ಲಿ ‘ಸ್ಕೂಕಿಲ್ ನೇವಿ’ ಎಂಬ ಒಕ್ಕೂಟ ಕಟ್ಟಿಕೊಂಡವು. ನದಿಯ ದಡದುದ್ದಕ್ಕೂ ಸಾಲಾಗಿ ನಿಂತ ಅವುಗಳ ದೋಣಿಮನೆಗಳು ಇಂದಿಗೂ ಆ ಊರಿನ ಗುರುತು. ಮುಂದೆ ಕಾರ್ನೆಲ್, ಕೊಲಂಬಿಯ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಗಳು ಸೇರಿ ಅಂತರಕಾಲೇಜು ರೋಯಿಂಗ್ ಸಂಘವನ್ನು ಸ್ಥಾಪಿಸಿದವು. ಐಆರ್‌ಎ ಎಂದು ಹೆಸರಾದ ಇದರ ರೆಗಾಟ್ಟಾ, ಅಂದರೆ ದೋಣಿ ಪಂದ್ಯಗಳ ಕೂಟ, 1895ರಲ್ಲಿ ಹಡ್ಸನ್ ನದಿಯ ಪೊಕಿಪ್ಸಿಯಲ್ಲಿ ಶುರುವಾಯಿತು. ಪುರುಷರ ರಾಷ್ಟ್ರೀಯ ಪ್ರಶಸ್ತಿ ತೀರ್ಮಾನವಾಗುವುದು ಇಂದಿಗೂ ಇದರಲ್ಲೇ.

ಶಾಲೆಗಳಲ್ಲಿ ರೋಯಿಂಗ್ ಮೊದಲು ಬೇರೂರಿದ್ದು ನ್ಯೂ ಇಂಗ್ಲೆಂಡಿನ ಸಿರಿವಂತರ ವಸತಿ ಶಾಲೆಗಳಲ್ಲಿ. ನ್ಯೂ ಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಶಾಲೆಯಲ್ಲಿ 1871ರಲ್ಲೇ ಎರಡು ದೋಣಿ ಕ್ಲಬ್ಬುಗಳಿದ್ದವು. ಫಿಲಡೆಲ್ಫಿಯದಲ್ಲಿ ಪ್ರೌಢಶಾಲೆಗಳ ಸ್ಟೋಟ್ಸ್‌ಬರಿ ಕಪ್ 1927ರಲ್ಲಿ ಆರಂಭವಾಯಿತು.

ಈ ಕ್ರೀಡೆಯ ಬಗ್ಗೆ ಅಮೆರಿಕನ್ನರು ಹೆಚ್ಚಾಗಿ ನೆನೆಯುವ ಕಥೆ ಮಾತ್ರ ಸಿರಿವಂತರದ್ದಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಏಯ್ಟ್‌ನ ಚಿನ್ನ ಗೆದ್ದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡದಲ್ಲಿ ಇದ್ದವರು ಆರ್ಥಿಕ ಮಹಾಕುಸಿತದ ಕಾಲದಲ್ಲಿ ಬೆಳೆದ ಸಾಧಾರಣ ಮನೆಗಳ ಹುಡುಗರು. ಅವರಲ್ಲೊಬ್ಬನಾದ ಜೋ ರ‍್ಯಾಂಟ್ಸ್‌ನನ್ನು ಮನೆಯವರೇ ಕೈಬಿಟ್ಟಿದ್ದರು. ಅವನು ದೋಣಿ ಹತ್ತಿದ್ದು ಕಾಲೇಜಿಗೆ ಬಂದ ಮೇಲೆಯೇ. ಡೇನಿಯಲ್ ಜೇಮ್ಸ್ ಬ್ರೌನ್ 2013ರಲ್ಲಿ ಬರೆದ ‘ದ ಬಾಯ್ಸ್ ಇನ್ ದ ಬೋಟ್’ ಪುಸ್ತಕದಿಂದ, ಅದನ್ನಾಧರಿಸಿ 2023ರಲ್ಲಿ ಜಾರ್ಜ್ ಕ್ಲೂನಿ ನಿರ್ದೇಶಿಸಿದ ಚಿತ್ರದಿಂದ ಈ ಕಥೆ ಹೊಸ ಪೀಳಿಗೆಗೂ ತಲುಪಿತು.

ಶಾಲೆ, ಕ್ಲಬ್, ವರ್ಷದ ದಿನಚರಿ

ಅಮೆರಿಕದ ಹದಿಹರೆಯದವರು ಎರಡು ಬಗೆಯಲ್ಲಿ ರೋಯಿಂಗ್‌ಗೆ ಬರುತ್ತಾರೆ. ಒಂದು, ಶಾಲಾ ತಂಡ. ನ್ಯೂ ಇಂಗ್ಲೆಂಡಿನ ವಸತಿ ಶಾಲೆಗಳು, ಫಿಲಡೆಲ್ಫಿಯದ ಕ್ಯಾಥೊಲಿಕ್ ಶಾಲೆಗಳು, ಉತ್ತರ ವರ್ಜೀನಿಯದ ಸರ್ಕಾರಿ ಶಾಲೆಗಳು ಇದಕ್ಕೆ ಹೆಸರಾಗಿವೆ. ಇನ್ನೊಂದು, ಯಾವ ಶಾಲೆಯ ಮಕ್ಕಳಾದರೂ ಶುಲ್ಕ ಕಟ್ಟಿ ಸೇರಬಹುದಾದ ಕ್ಲಬ್. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್ ಸ್ಟ್ರೋಕ್ಸ್ ಮತ್ತು ಮರೀನ್, ಕನೆಕ್ಟಿಕಟ್‌ನ ಸಾಗಟಕ್, ಬಾಸ್ಟನ್ನಿನ ಕಮ್ಯುನಿಟಿ ರೋಯಿಂಗ್ ಇಂಥವು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ, ಸಿಯಾಟಲ್, ನ್ಯೂ ಜೆರ್ಸಿ, ಬಾಸ್ಟನ್‌ಗಳಲ್ಲೆಲ್ಲ ಇಂಥ ಕ್ಲಬ್ಬುಗಳಿವೆ.

ಹೆಚ್ಚಿನವರು ಎಂಟು ಅಥವಾ ಒಂಬತ್ತನೆಯ ತರಗತಿಯಲ್ಲಿ ಶುರುಮಾಡುತ್ತಾರೆ. ಟೆನಿಸ್, ಈಜು, ಜಿಮ್ನಾಸ್ಟಿಕ್ಸ್‌ಗಳಲ್ಲಿ ಆರೇಳು ವರ್ಷಕ್ಕೇ ಕಣಕ್ಕಿಳಿಯದಿದ್ದರೆ ಹೊತ್ತು ಮೀರಿತು ಎನ್ನುವ ಸ್ಥಿತಿಯಿದೆ. ರೋಯಿಂಗ್‌ನಲ್ಲಿ ಹಾಗಿಲ್ಲ. ಬಾಸ್ಕೆಟ್‌ಬಾಲ್ ಅಥವಾ ಈಜನ್ನು ಬಿಟ್ಟು ಹದಿನೈದಕ್ಕೆ ಬಂದ ಎತ್ತರದ ಹುಡುಗಿ ಎರಡು ವರ್ಷದಲ್ಲಿ ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಬಹುದು. ತಂದೆತಾಯಿಯರು ಈ ಕ್ರೀಡೆಯತ್ತ ತಿರುಗಿದ್ದಕ್ಕೆ ಇದು ದೊಡ್ಡ ಕಾರಣ.

ವರ್ಷ ಮೂರು ಭಾಗವಾಗುತ್ತದೆ. ಶರತ್ಕಾಲದಲ್ಲಿ ‘ಹೆಡ್ ರೇಸ್’: ದೋಣಿಗಳು ಒಂದರ ಹಿಂದೆ ಒಂದು ಹೊರಟು ನಾಲ್ಕೈದು ಕಿಲೋಮೀಟರ್ ದೂರವನ್ನು ಗಡಿಯಾರದ ಎದುರು ಕ್ರಮಿಸುತ್ತವೆ. ಇವುಗಳಲ್ಲಿ ಪ್ರಸಿದ್ಧವಾದದ್ದು ಬಾಸ್ಟನ್ ಮತ್ತು ಕೇಂಬ್ರಿಜ್ ನಡುವಿನ ಚಾರ್ಲ್ಸ್ ನದಿಯಲ್ಲಿ 1965ರಿಂದ ಅಕ್ಟೋಬರ್‌ನಲ್ಲಿ ನಡೆಯುವ ‘ಹೆಡ್ ಆಫ್ ದ ಚಾರ್ಲ್ಸ್’. ಸುಮಾರು 4.8 ಕಿಲೋಮೀಟರ್‌ನ ಆ ದಾರಿಯಲ್ಲಿ ಸೇತುವೆಗಳೂ ಕಡಿದಾದ ತಿರುವುಗಳೂ ಇದ್ದು, ಕಾಕ್ಸ್‌ಗಳ ಜಾಣ್ಮೆ ಅಲ್ಲಿ ಪರೀಕ್ಷೆಗೊಳಗಾಗುತ್ತದೆ. ಚಳಿಗಾಲದಲ್ಲಿ ಉತ್ತರದ ನದಿಗಳು ಹೆಪ್ಪುಗಟ್ಟುವುದರಿಂದ ಅಭ್ಯಾಸ ಒಳಾಂಗಣದ ಯಂತ್ರಗಳಿಗೆ ಸರಿಯುತ್ತದೆ. ವಸಂತದಲ್ಲಿ ಲೇನುಗಳಲ್ಲಿ ನೇರ ಸ್ಪರ್ಧೆ. ಜೂನ್‌ನಲ್ಲಿ ಯುಎಸ್ ರೋಯಿಂಗ್ ಸಂಸ್ಥೆಯ ಯುವ ರಾಷ್ಟ್ರೀಯ ಚಾಂಪಿಯನ್‌ಷಿಪ್. ಇತ್ತೀಚಿನ ವರ್ಷಗಳಲ್ಲಿ ಇದು ಫ್ಲಾರಿಡದ ಸ್ಯಾರಸೋಟದಲ್ಲಿರುವ ನೇಥನ್ ಬೆಂಡರ್ಸನ್ ಪಾರ್ಕ್‌ನಲ್ಲಿ ನಡೆಯುತ್ತಿದೆ. 2017ರ ವಿಶ್ವ ಚಾಂಪಿಯನ್‌ಷಿಪ್‌ಗೂ ಅದೇ ತಾಣವಾಗಿತ್ತು. ಕಾಲೇಜು ಕೋಚ್‌ಗಳು ಆ ದಿನಗಳಲ್ಲಿ ದಡದ ಮೇಲಿರುತ್ತಾರೆ.

ಎರ್ಗ್ ಮತ್ತು ‘ಟೂ ಕೆ’

ದೋಣಿಯ ವೇಗ ಗಾಳಿ, ಪ್ರವಾಹ, ಜೊತೆಗಾರರನ್ನು ಅವಲಂಬಿಸಿರುತ್ತದೆ. ಎಂಟು ಜನರಲ್ಲಿ ಯಾರು ಎಷ್ಟು ಬಲ ಹಾಕಿದರೆಂದು ದಡದಿಂದ ಹೇಳಲಾಗದು. ಈ ತೊಡಕನ್ನು ನೀಗಿದ್ದು ಎರ್ಗೋಮೀಟರ್. ಎಲ್ಲರ ಬಾಯಲ್ಲೂ ಅದು ‘ಎರ್ಗ್’. ರೋಯಿಂಗ್ ಪಟುಗಳಾಗಿದ್ದ ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಸೋದರರು 1976ರಲ್ಲಿ ಕಾನ್ಸೆಪ್ಟ್2 ಕಂಪನಿ ಸ್ಥಾಪಿಸಿ ಮೊದಲು ಹುಟ್ಟುಗಳನ್ನು ಮಾಡಿದರು; 1981ರಲ್ಲಿ ವರ್ಮಾಂಟ್‌ನಿಂದ ತಮ್ಮ ಮೊದಲ ಎರ್ಗ್ ಹೊರತಂದರು. ಸರಪಳಿ ಎಳೆದಾಗ ರೆಕ್ಕೆಗಳಿರುವ ಚಕ್ರ ತಿರುಗುತ್ತದೆ. ಗಾಳಿ ಅದನ್ನು ತಡೆಯುತ್ತದೆ. ಚಕ್ರದ ವೇಗದ ಏರಿಳಿತದಿಂದ ಯಂತ್ರ ಎಳೆದವರ ಶಕ್ತಿಯನ್ನು ಲೆಕ್ಕ ಹಾಕುತ್ತದೆ.

ಎರ್ಗ್ ಮೇಲೆ 2000 ಮೀಟರ್ ಎಳೆಯಲು ಹಿಡಿಯುವ ಸಮಯವೇ ‘ಟೂ ಕೆ’. ಕಾಲೇಜು ಕೋಚ್ ಕೇಳುವ ಮೊದಲ ಪ್ರಶ್ನೆ ಇದೇ. ಈ ಅಂಕಿಯ ಹಿಂದೆ ಒಂದು ಕಟು ಗಣಿತವಿದೆ: ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಏಳು ನಿಮಿಷದಲ್ಲಿ ಮುಗಿಸುವವರು ಸರಾಸರಿ 302 ವಾಟ್ ಶಕ್ತಿ ಹಾಕುತ್ತಾರೆ. 6 ನಿಮಿಷ 20 ಸೆಕೆಂಡಿನಲ್ಲಿ ಮುಗಿಸುವವರು 408 ವಾಟ್. ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಬೇಕಾದರೆ ಶಕ್ತಿ ಮೂವತ್ತಮೂರರಷ್ಟು ಹೆಚ್ಚಬೇಕು. ಹೊಸಬರು ಮೊದಲ ವರ್ಷ ನಿಮಿಷಗಟ್ಟಲೆ ಇಳಿಸಿ, ಆಮೇಲೆ ಒಂದೊಂದು ಸೆಕೆಂಡಿಗೂ ತಿಂಗಳುಗಟ್ಟಲೆ ಒದ್ದಾಡುವುದು ಇದರಿಂದಲೇ.

ಪರೀಕ್ಷೆಯ ದಿನ ಯಂತ್ರಗಳು ಸಾಲಾಗಿರುತ್ತವೆ. ಕಣ್ಣೆದುರಿನ ಪರದೆಯಲ್ಲಿ ‘ಸ್ಪ್ಲಿಟ್’ ಓಡುತ್ತಿರುತ್ತದೆ. ಅಂದರೆ ಈಗಿನ ವೇಗದಲ್ಲಿ 500 ಮೀಟರಿಗೆ ಎಷ್ಟು ಹೊತ್ತು ಬೇಕೆಂಬ ಲೆಕ್ಕ. ಮೊದಲ 500 ಮೀಟರ್ ಉತ್ಸಾಹದಲ್ಲಿ ಸುಲಭವಾಗಿ ಕಳೆಯುತ್ತದೆ. ಅಲ್ಲಿ ಅಂಕೆ ಮೀರಿದವರು ಮೂರನೆಯ 500ರಲ್ಲಿ ತೊಡೆ ಉರಿದು, ಉಸಿರು ಸಾಲದೆ, ಸ್ಪ್ಲಿಟ್ ಒಂದೊಂದೇ ಸೆಕೆಂಡು ಏರುವುದನ್ನು ನೋಡಬೇಕಾಗುತ್ತದೆ. ಮುಗಿಸಿದವರು ಆಸನದಿಂದ ಜಾರಿ ನೆಲಕ್ಕೆ ಒರಗುವುದು ಎಲ್ಲ ದೋಣಿಮನೆಗಳಲ್ಲೂ ಕಾಣುವ ನೋಟ.

ಎಷ್ಟಿದ್ದರೆ ಸಾಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮುಂಚೂಣಿಯ ವಿಶ್ವವಿದ್ಯಾಲಯಗಳು ತೂಕದ ಮಿತಿಯಿಲ್ಲದ ವಿಭಾಗದ ಹುಡುಗರಿಂದ 6 ನಿಮಿಷ 20 ಸೆಕೆಂಡಿಗಿಂತ ಕಡಿಮೆಯನ್ನೂ ಹುಡುಗಿಯರಿಂದ 7 ನಿಮಿಷ 20 ಸೆಕೆಂಡಿಗಿಂತ ಕಡಿಮೆಯನ್ನೂ ನಿರೀಕ್ಷಿಸುತ್ತವೆ. ಸಣ್ಣ ಕಾಲೇಜುಗಳಲ್ಲಿ ಇದಕ್ಕಿಂತ ನಿಧಾನದವರಿಗೂ ಜಾಗವಿದೆ. ಎರ್ಗ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಕೋಚ್‌ಗಳಿಗೂ ಗೊತ್ತು. ಯಂತ್ರದ ಮೇಲೆ ಭಾರೀ ದೇಹಕ್ಕೆ ಅನುಕೂಲ ಹೆಚ್ಚು. ನೀರಿನ ಮೇಲೆ ಅದೇ ದೇಹ ದೋಣಿಯನ್ನು ತಗ್ಗಿಸುತ್ತದೆ. ಯಂತ್ರ ಒಳ್ಳೆಯ ಅಂಕಿ ಕೊಟ್ಟರೂ ಲಯಕ್ಕೆ ಒಗ್ಗದವರನ್ನು ದೋಣಿ ಒಪ್ಪಿಕೊಳ್ಳುವುದಿಲ್ಲ. ಆದ್ದರಿಂದಲೇ ನೀರಿನ ಮೇಲಿನ ವಿಡಿಯೊ, ರೆಗಾಟ್ಟಾ ಫಲಿತಾಂಶ, ಕ್ಲಬ್ ಕೋಚ್‌ನ ಅಭಿಪ್ರಾಯ ಇವನ್ನೆಲ್ಲ ಕೇಳುತ್ತಾರೆ. ಕಾಕ್ಸ್‌ಗಳು ಸ್ಪರ್ಧೆಯ ವೇಳೆ ತಾವು ಕೊಟ್ಟ ಆದೇಶಗಳ ಧ್ವನಿಮುದ್ರಣವನ್ನೇ ಕಳುಹಿಸುತ್ತಾರೆ.

ಟೈಟಲ್ ನೈನ್

1972ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಶಿಕ್ಷಣ ಕಾಯ್ದೆಯ ಒಂಬತ್ತನೆಯ ಶೀರ್ಷಿಕೆ, ಅಂದರೆ ‘ಟೈಟಲ್ ನೈನ್’, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಕಾಯ್ದೆ ಬಂದೊಡನೆ ಪರಿಸ್ಥಿತಿ ಬದಲಾಗಲಿಲ್ಲ. ಯೇಲ್‌ನ ಮಹಿಳಾ ತಂಡಕ್ಕೆ ದೋಣಿಮನೆಯಲ್ಲಿ ಸ್ನಾನದ ವ್ಯವಸ್ಥೆಯೇ ಇರಲಿಲ್ಲ. ಪುರುಷರು ಬಿಸಿನೀರಿನಲ್ಲಿ ಮೀಯುವಾಗ ಇವರು ಒದ್ದೆ ಬಟ್ಟೆಯಲ್ಲಿ ಚಳಿಗೆ ನಡುಗುತ್ತ ಬಸ್ಸಿನಲ್ಲಿ ಕಾಯಬೇಕಿತ್ತು. 1976ರ ಮಾರ್ಚ್ 3ರಂದು ನಾಯಕಿ ಕ್ರಿಸ್ ಅರ್ನ್‌ಸ್ಟ್ ಮುಂದಾಳ್ತನದಲ್ಲಿ ಹತ್ತೊಂಬತ್ತು ಹುಡುಗಿಯರು ಕ್ರೀಡಾ ಅಧಿಕಾರಿಯ ಕಚೇರಿಗೆ ಹೋಗಿ, ಬಟ್ಟೆ ಕಳಚಿ, ಮೈಮೇಲೆ ಬರೆದುಕೊಂಡಿದ್ದ ‘ಟೈಟಲ್ ನೈನ್’ ಎಂಬ ಅಕ್ಷರಗಳನ್ನು ತೋರಿಸಿ ತಮ್ಮ ಹೇಳಿಕೆ ಓದಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಸುದ್ದಿ ಮಾಡಿತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರೋಯಿಂಗ್ ಮೊದಲ ಬಾರಿಗೆ ಸೇರಿದ್ದೂ ಅದೇ ವರ್ಷ, ಮಾಂಟ್ರಿಯಲ್‌ನಲ್ಲಿ. ಅಲ್ಲಿ ಏಯ್ಟ್‌ನಲ್ಲಿ ಕಂಚು ಗೆದ್ದ ಅಮೆರಿಕನ್ ತಂಡದಲ್ಲಿದ್ದ ಅನಿಟ ಡಿಫ್ರಾಂಟ್ಸ್ 1986ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು, 1997ರಲ್ಲಿ ಅದರ ಮೊದಲ ಮಹಿಳಾ ಉಪಾಧ್ಯಕ್ಷೆ. ಆಕೆಯೂ ದೋಣಿ ಹತ್ತಿದ್ದು ಕಾಲೇಜಿಗೆ ಬಂದ ಮೇಲೆಯೇ.

ಈ ಕಾಯ್ದೆಯಿಂದ ರೋಯಿಂಗ್‌ಗೆ ಹೆಚ್ಚು ಲಾಭವಾದದ್ದು ಅಮೆರಿಕನ್ ಫುಟ್‌ಬಾಲ್ ಮೂಲಕ. ಒಂದು ದೊಡ್ಡ ಫುಟ್‌ಬಾಲ್ ತಂಡದಲ್ಲಿ ಬಹುಕಾಲ 85 ಜನ ಪುರುಷರಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಿತ್ತು. ಮಹಿಳೆಯರ ಕಡೆ ಅದಕ್ಕೆ ಸಮನಾದ ಆಟವೇ ಇಲ್ಲ. ಒಂದೇ ಕ್ರೀಡೆಯಲ್ಲಿ ಅರವತ್ತೆಪ್ಪತ್ತು ಜನ ಮಹಿಳೆಯರಿಗೆ ಜಾಗ ಕೊಡಬಲ್ಲದ್ದು ರೋಯಿಂಗ್ ಎಂಬುದನ್ನು ವಿಶ್ವವಿದ್ಯಾಲಯಗಳು ಕಂಡುಕೊಂಡವು. ಹೀಗೆ 1990ರ ದಶಕದಲ್ಲಿ ಫುಟ್‌ಬಾಲ್‌ಗೆ ಹೆಸರಾದ ಹಲವು ರಾಜ್ಯ ವಿಶ್ವವಿದ್ಯಾಲಯಗಳು ಮಹಿಳಾ ರೋಯಿಂಗ್ ಆರಂಭಿಸಿದವು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ 1997ರಲ್ಲಿ ಮೊದಲ ಮಹಿಳಾ ಚಾಂಪಿಯನ್‌ಷಿಪ್ ನಡೆಸಿತು, ವಾಷಿಂಗ್ಟನ್ ಗೆದ್ದಿತು. ಅನುಭವಿಗಳು ಸಾಲದ ಕಡೆ ಕೋಚ್‌ಗಳು ಕ್ಯಾಂಪಸ್ಸಿನಲ್ಲೇ ಎತ್ತರದ, ಗಟ್ಟಿಮುಟ್ಟಾದ ವಿದ್ಯಾರ್ಥಿನಿಯರನ್ನು ಹುಡುಕಿ ಕರೆತರುತ್ತಾರೆ. ಇಂಥವರನ್ನು ‘ವಾಕ್ ಆನ್’ ಎನ್ನುತ್ತಾರೆ.

ಕಾಲೇಜು ತಂಡಗಳ ವ್ಯವಸ್ಥೆ

ಪುರುಷರ ರೋಯಿಂಗ್ ಎನ್‌ಸಿಎಎ ವ್ಯಾಪ್ತಿಗೆ ಬರುವುದಿಲ್ಲ. ಅದು ಐಆರ್‌ಎ ಕೈಯಲ್ಲಿದೆ. ಅಲ್ಲಿ ವಾಷಿಂಗ್ಟನ್ 2011ರಿಂದ 2015ರವರೆಗೆ ಸತತ ಐದು ವರ್ಷ, ಯೇಲ್ 2017ರಿಂದ 2019ರವರೆಗೆ ಸತತ ಮೂರು ವರ್ಷ ಗೆದ್ದವು. ಇಂಥ ತಂಡಗಳಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್, ಜರ್ಮನಿಗಳ ಯುವ ಪಟುಗಳೂ ಇರುತ್ತಾರೆ; ಅಮೆರಿಕದ ಹುಡುಗರು ಅವರೊಡನೆಯೂ ಪೈಪೋಟಿ ಮಾಡಬೇಕು. ಕೆಲವೇ ಕಾಲೇಜುಗಳಲ್ಲಿ ಹಗುರ ತೂಕದ ಪುರುಷರ ಪ್ರತ್ಯೇಕ ತಂಡವಿದ್ದು, ಮಿತಿ 160 ಪೌಂಡ್, ಅಂದರೆ ಸುಮಾರು 72.6 ಕಿಲೋ.

ಎನ್‌ಸಿಎಎಯ ಮೂರು ವಿಭಾಗಗಳಲ್ಲಿ ಮೇಲಿನದಾದ ವಿಭಾಗ ಒಂದರ ಮಹಿಳಾ ಚಾಂಪಿಯನ್‌ಷಿಪ್‌ಗೆ 22 ತಂಡಗಳು ಬರುತ್ತವೆ. ಪ್ರತಿ ತಂಡ ಎರಡು ಏಯ್ಟ್ ಮತ್ತು ಒಂದು ನಾಲ್ವರ ದೋಣಿ ಇಳಿಸಬೇಕು. ಮೂರರ ಅಂಕಗಳೂ ಸೇರಿ ಪ್ರಶಸ್ತಿ ತೀರ್ಮಾನವಾಗುತ್ತದೆ. ಕಾಕ್ಸ್‌ಗಳೂ ಸೇರಿ 23 ಜನ. ಒಬ್ಬಿಬ್ಬರು ಪ್ರತಿಭಾವಂತರಿಂದ ಗೆಲ್ಲಲಾಗದ ಈ ಪದ್ಧತಿ ಕೋಚ್‌ಗಳಿಗೆ ದೊಡ್ಡ ಬಳಗ ಕಟ್ಟಲೇಬೇಕಾದ ಒತ್ತಡ ತರುತ್ತದೆ. ಬ್ರೌನ್, ಟೆಕ್ಸಸ್, ಸ್ಟ್ಯಾನ್‌ಫರ್ಡ್ ಒಂದಕ್ಕಿಂತ ಹೆಚ್ಚು ಬಾರಿ ಗೆದ್ದಿವೆ. ವಿದ್ಯಾರ್ಥಿವೇತನ ಕೊಡದ ಸಣ್ಣ ಕಾಲೇಜುಗಳ ವಿಭಾಗ ಮೂರರಲ್ಲಿ ವಿಲಿಯಮ್ಸ್ ಕಾಲೇಜು 2006ರಿಂದ 2013ರವರೆಗೆ ಸತತ ಎಂಟು ಪ್ರಶಸ್ತಿ ಪಡೆದಿತ್ತು. ಇವೆಲ್ಲದರ ಹೊರಗೆ ವಿದ್ಯಾರ್ಥಿಗಳೇ ಚಂದಾ ಎತ್ತಿ ನಡೆಸುವ ಕ್ಲಬ್ ತಂಡಗಳೂ ಅನೇಕ ಇವೆ.

ಹಣದ ವಿಚಾರದಲ್ಲಿ ಪೋಷಕರಿಗೆ ತಪ್ಪು ಕಲ್ಪನೆ ಹೆಚ್ಚು. ವಿಭಾಗ ಒಂದರ ಮಹಿಳಾ ತಂಡಕ್ಕೆ ಬಹುಕಾಲ ಇದ್ದ ಮಿತಿ 20 ಪೂರ್ಣ ವಿದ್ಯಾರ್ಥಿವೇತನಗಳಷ್ಟು ಮೊತ್ತ. ಅದನ್ನೇ ಕೋಚ್ ಹಲವರಿಗೆ ಹಂಚುತ್ತಿದ್ದರು. ಪುರುಷರಿಗೆ ವಿದ್ಯಾರ್ಥಿವೇತನ ಕೊಡುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್ ಸೇರಿದ ಎಂಟು ಐವಿ ಲೀಗ್ ವಿಶ್ವವಿದ್ಯಾಲಯಗಳು ಕ್ರೀಡೆಗೆಂದು ಒಂದು ಡಾಲರೂ ಕೊಡುವುದಿಲ್ಲ. ಅಲ್ಲಿನ ನೆರವು ಕುಟುಂಬದ ಆದಾಯ ನೋಡಿ ಕೊಡುವಂಥದು. ಅಲ್ಲಿಗೆ ಸೇರುವ ರೋಯಿಂಗ್ ಪಟುವಿಗೆ ಸಿಗುವ ಲಾಭ ಹಣವಲ್ಲ, ಸೀಟು.

ಆಯ್ಕೆಯ ಹಾದಿ

ನಮ್ಮಲ್ಲಿ ವೃತ್ತಿಶಿಕ್ಷಣದ ಸೀಟುಗಳಿಗೆ ಇರುವ ಕ್ರೀಡಾ ಕೋಟಾದಲ್ಲಿ ಪದಕ ಮತ್ತು ಪ್ರಮಾಣಪತ್ರ ತೋರಿಸಿದವರನ್ನು ಸರ್ಕಾರಿ ನಿಯಮದಂತೆ ಪಟ್ಟಿ ಮಾಡುತ್ತಾರೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಕೋಚ್ ತನಗೆ ಬೇಕಾದವರ ಹೆಸರನ್ನು ಪ್ರವೇಶ ಕಚೇರಿಗೆ ಕೊಡುತ್ತಾರೆ. ಅಂತಿಮ ತೀರ್ಮಾನ ಕಚೇರಿಯದು.

ಒಂಬತ್ತು, ಹತ್ತನೆಯ ತರಗತಿಯಲ್ಲಿ ವಿದ್ಯಾರ್ಥಿ ತನಗಿಷ್ಟವಾದ ಕಾಲೇಜುಗಳ ಪ್ರಶ್ನಾವಳಿ ತುಂಬಿ ಎತ್ತರ, ತೂಕ, ಟೂ ಕೆ, ಶಾಲಾ ಅಂಕಗಳನ್ನು ತಿಳಿಸಬಹುದು. ಎನ್‌ಸಿಎಎ ನಿಯಮದಂತೆ ಕೋಚ್ ಅದಕ್ಕೆ ಸ್ವತಃ ಉತ್ತರಿಸುವಂತಾಗುವುದು ಹತ್ತನೆಯ ತರಗತಿ ಮುಗಿದ ಮೇಲೆ, ಜೂನ್ 15ರಿಂದ. ಆ ದಿನ ಬೆಳಿಗ್ಗೆ ಫೋನಿಗೆ ಬರುವ ಸಂದೇಶಗಳಿಂದಲೇ ಹಲವರಿಗೆ ತಮ್ಮ ಬೆಲೆ ಮೊದಲು ಗೊತ್ತಾಗುತ್ತದೆ. ಹನ್ನೊಂದನೆಯ ತರಗತಿಗೆ ಮುಂಚಿನ ಆಗಸ್ಟ್ 1ರಿಂದ ಕಾಲೇಜಿನ ಖರ್ಚಿನಲ್ಲೇ ಅಧಿಕೃತ ಭೇಟಿಗೆ ಹೋಗಬಹುದು: ತಂಡದವರ ಕೋಣೆಯಲ್ಲಿ ಉಳಿದು, ಅವರ ಅಭ್ಯಾಸ ನೋಡಿ, ತರಗತಿಗಳಲ್ಲಿ ಕೂತು ಬರುವ ಎರಡು ದಿನ.

ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಐವಿ ಲೀಗ್ ಮತ್ತು ಅಂಥ ಕಾಲೇಜುಗಳ ಕೋಚ್‌ಗಳು ಆಯ್ದವರ ಅಂಕಪಟ್ಟಿಯನ್ನು ಪ್ರವೇಶ ಕಚೇರಿಗೆ ಮುಂಚಿತವಾಗಿ ತೋರಿಸುತ್ತಾರೆ. ‘ಪ್ರೀ ರೀಡ್’ ಎಂಬ ಈ ಹಂತದಲ್ಲೇ ಓದಿನಲ್ಲಿ ಹಿಂದಿರುವವರು ಉದುರುತ್ತಾರೆ. ಶಾಲಾ ಅಂಕ ಮತ್ತು ಪರೀಕ್ಷಾ ಅಂಕ ಸೇರಿಸಿ ಲೆಕ್ಕ ಹಾಕುವ ‘ಅಕಾಡೆಮಿಕ್ ಇಂಡೆಕ್ಸ್’ ಐವಿ ಲೀಗ್‌ನ ತಡೆಗೋಡೆ. ಕ್ರೀಡಾಪಟುಗಳ ಸರಾಸರಿ ಉಳಿದ ವಿದ್ಯಾರ್ಥಿಗಳ ಸರಾಸರಿಯಿಂದ ತೀರ ಕೆಳಗಿಳಿಯುವಂತಿಲ್ಲ. ಇಲ್ಲಿ ಪಾರಾದವರಿಗೆ ಕೋಚ್ ಬೆಂಬಲದ ಮಾತು ಕೊಡುತ್ತಾರೆ. ವಿದ್ಯಾರ್ಥಿ ಬೇರೆ ಕಾಲೇಜುಗಳತ್ತ ನೋಡುವುದಿಲ್ಲವೆಂದು ಮಾತು ಕೊಡುತ್ತಾನೆ ಅಥವಾ ಕೊಡುತ್ತಾಳೆ. ಎರಡೂ ಬಾಯಿಮಾತು. ಅಕ್ಟೋಬರ್ ಬಳಿಕ ಐವಿ ಕಾಲೇಜುಗಳು, ಪ್ರವೇಶ ಬಹುತೇಕ ಖಚಿತವೆಂದು ತಿಳಿಸುವ ‘ಲೈಕ್ಲಿ ಲೆಟರ್’ ಕಳುಹಿಸಬಹುದು. ವಿಭಾಗ ಒಂದು ಮತ್ತು ಎರಡರಲ್ಲಿ ಆಡಲು ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ನೋಂದಣಿಯೂ ಪ್ರೌಢಶಾಲೆಯ 16 ಮುಖ್ಯ ಕೋರ್ಸುಗಳೂ ಬೇಕು.

ಹಾರ್ವರ್ಡ್ ವಿರುದ್ಧದ ಪ್ರವೇಶ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳ ಪ್ರಕಾರ, ಕೋಚ್‌ಗಳು ಆಯ್ದ ಕ್ರೀಡಾಪಟುಗಳಲ್ಲಿ ಸುಮಾರು ನೂರಕ್ಕೆ 86 ಮಂದಿಗೆ ಸೀಟು ಸಿಕ್ಕಿತ್ತು. ಯಾವ ವಿಶೇಷ ಆದ್ಯತೆಯೂ ಇಲ್ಲದವರಲ್ಲಿ ನೂರಕ್ಕೆ ಐದಾರು ಮಂದಿಗೆ. ಈ ಅಂತರವನ್ನು ಓದುವಾಗ ಒಂದು ಎಚ್ಚರ ಬೇಕು. ಪ್ರೀ ರೀಡ್‌ನಲ್ಲಿ ಉದುರಿದವರು ಮೊದಲ ಲೆಕ್ಕಕ್ಕೆ ಬರುವುದೇ ಇಲ್ಲ.

ಖರ್ಚು ಮತ್ತು ಹೊರಗುಳಿದವರು

ಹೊಸ ಏಯ್ಟ್ ಒಂದಕ್ಕೆ ಹತ್ತಾರು ಸಾವಿರ ಡಾಲರ್. ಕ್ಲಬ್ ಶುಲ್ಕ ವರ್ಷಕ್ಕೆ ಸಾವಿರಾರು ಡಾಲರ್. ರೆಗಾಟ್ಟಾ ಪ್ರಯಾಣ, ಬೇಸಿಗೆ ಶಿಬಿರಗಳು ಬೇರೆ. ನದಿಯೋ ಸರೋವರವೋ ಹತ್ತಿರವಿರಬೇಕು, ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಬಿಟ್ಟುಬರುವವರಿರಬೇಕು. ಹೀಗಾಗಿ ರೋಯಿಂಗ್ ಮೂಲಕ ಸಿಗುವ ಪ್ರವೇಶದ ಅನುಕೂಲ ಮೊದಲೇ ಅನುಕೂಲಸ್ಥರಾದ, ಬಹುಪಾಲು ಬಿಳಿಯರ ಮಕ್ಕಳಿಗೆ ಹೋಗುತ್ತದೆಂಬ ಟೀಕೆ ಹಳೆಯದು, ಬಲವಾದದ್ದೂ ಹೌದು.

ಇದನ್ನು ಮುರಿಯಲೆತ್ನಿಸಿದ ಉದಾಹರಣೆಗಳಿವೆ. ಷಿಕಾಗೊದ ಪಶ್ಚಿಮ ಭಾಗದ ಮ್ಯಾನ್ಲಿ ಪ್ರೌಢಶಾಲೆಯಲ್ಲಿ 1990ರ ದಶಕದ ಕೊನೆಯಲ್ಲಿ ಕಪ್ಪು ಹುಡುಗರೇ ಇದ್ದ ತಂಡವೊಂದು ರೂಪುಗೊಂಡಿತು. ಅದರ ನಾಯಕ ಆರ್ಷೇ ಕೂಪರ್ ಬರೆದ ಆತ್ಮಕಥೆಯಿಂದ ‘ಎ ಮೋಸ್ಟ್ ಬ್ಯೂಟಿಫುಲ್ ಥಿಂಗ್’ ಎಂಬ ಸಾಕ್ಷ್ಯಚಿತ್ರ 2020ರಲ್ಲಿ ಬಂತು. 2002ರಲ್ಲಿ ಆರಂಭವಾದ ‘ರೋ ನ್ಯೂಯಾರ್ಕ್’ ಸಂಸ್ಥೆ ಬಡ ಬಡಾವಣೆಗಳ ಮಕ್ಕಳಿಗೆ ರೋಯಿಂಗ್ ಜೊತೆಗೆ ಶಾಲಾ ಪಾಠ ಮತ್ತು ಕಾಲೇಜು ಅರ್ಜಿಯ ನೆರವನ್ನೂ ಕೊಡುತ್ತದೆ.

2019ರ ಹಗರಣ

ಕೋಚ್‌ನ ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆಂಬ ಪದ್ಧತಿಯ ಬಿರುಕು 2019ರ ಮಾರ್ಚ್‌ನಲ್ಲಿ ಬಯಲಾಯಿತು. ‘ವಾರ್ಸಿಟಿ ಬ್ಲೂಸ್’ ಎಂದು ಹೆಸರಾದ ಈ ಪ್ರಕರಣದಲ್ಲಿ ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರ ಲಂಚ ಕೊಟ್ಟು, ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸುತ್ತಿದ್ದ. ನಟಿ ಲೋರಿ ಲಾಕ್ಲಿನ್ ಮತ್ತು ಪತಿ ಮಾಸಿಮೊ ಜನೂಲಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ರೋಯಿಂಗ್ ಪಟುಗಳ ಹೆಸರಿನಲ್ಲಿ ಸೇರಿಸಲು ಐದು ಲಕ್ಷ ಡಾಲರ್ ಕೊಟ್ಟಿದ್ದರು. ಮಕ್ಕಳು ಎರ್ಗ್ ಮೇಲೆ ಕುಳಿತ ಫೋಟೊ ತೆಗೆಸಿದ್ದು ಬಿಟ್ಟರೆ ರೋಯಿಂಗ್ ಮಾಡಿರಲಿಲ್ಲ. ದಂಪತಿಗೆ ಜೈಲಾಯಿತು, ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷದ ಶಿಕ್ಷೆ ಆಯಿತು. ರೆಗಾಟ್ಟಾ ಫಲಿತಾಂಶಗಳನ್ನು ಯಾರಾದರೂ ಕೇಳಿ ಪರಿಶೀಲಿಸಿದ್ದರೆ ಈ ಮೋಸ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಆ ಬಳಿಕ ಹಲವು ವಿಶ್ವವಿದ್ಯಾಲಯಗಳು ಕೋಚ್ ಕೊಟ್ಟ ಹೆಸರುಗಳನ್ನು ಬೇರೆಯವರಿಂದಲೂ ಪರಿಶೀಲಿಸುವ ಕ್ರಮ ತಂದವು.

ಆರೋಗ್ಯ ಮತ್ತು ಸುರಕ್ಷತೆ

ರೋಯಿಂಗ್‌ನಲ್ಲಿ ಡಿಕ್ಕಿ, ಬೀಳುವಿಕೆಗಳು ಕಡಿಮೆ. ಕಾಡುವುದು ಸವೆತದ ಗಾಯಗಳು. ಕೆಳಬೆನ್ನಿನ ನೋವು ಎಲ್ಲಕ್ಕಿಂತ ಸಾಮಾನ್ಯ. ಪಕ್ಕೆಲುಬಿನಲ್ಲಿ ಕೂದಲೆಳೆಯಂಥ ಬಿರುಕು ಇನ್ನೊಂದು. ಅಂಗೈಯ ಬೊಬ್ಬೆಗಳಂತೂ ಎಲ್ಲರಿಗೂ ಇರುತ್ತವೆ. ಹಗುರ ತೂಕದ ವಿಭಾಗದಲ್ಲಿ ಮಿತಿಗೆ ಇಳಿಯಲು ಊಟ, ನೀರು ಬಿಡುವ ಅಭ್ಯಾಸ ಬೆಳೆಯುವ ವಯಸ್ಸಿಗೆ ಅಪಾಯಕಾರಿ. ವಸಂತದ ಆರಂಭದಲ್ಲಿ ಮಂಜು ಕರಗಿದ ತಣ್ಣೀರಿಗೆ ಬಿದ್ದರೆ ಕೆಲವೇ ನಿಮಿಷದಲ್ಲಿ ಕೈಕಾಲು ಸೋಲುತ್ತವೆ. ಆದ್ದರಿಂದ ಈಜು ಪರೀಕ್ಷೆ, ಜೊತೆಗೆ ಸಾಗುವ ಕೋಚ್‌ನ ಮೋಟಾರು ದೋಣಿ, ಗುಡುಗಿದರೆ ದಡಕ್ಕೆ ಮರಳುವ ನಿಯಮಗಳಿವೆ.

ಇತರ ದೇಶಗಳು ಮತ್ತು ಭಾರತ

ಬ್ರಿಟನ್ನಿನಲ್ಲಿ ಶಾಲಾ ರೋಯಿಂಗ್ ಅಮೆರಿಕಕ್ಕಿಂತ ಹಳೆಯದು. 1839ರಿಂದ ನಡೆಯುವ ಹೆನ್ಲಿ ರೆಗಾಟ್ಟಾದಲ್ಲಿ ಶಾಲಾ ಹುಡುಗರ ಏಯ್ಟ್‌ಗೆಂದು 1946ರಲ್ಲಿ ಪ್ರಿನ್ಸೆಸ್ ಎಲಿಜಬೆತ್ ಕಪ್ ಸ್ಥಾಪನೆಯಾಯಿತು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪ್ರವೇಶ ಓದಿನ ಮೇಲೆಯೇ. ರೋಯಿಂಗ್‌ಗೆ ಸೀಟಿನಲ್ಲಿ ಬೆಲೆ ಕಟ್ಟಿದ್ದು ಅಮೆರಿಕದ ವಿಶೇಷ.

ಭಾರತಕ್ಕೆ ಈ ಕ್ರೀಡೆ ಬಂದದ್ದು ಬ್ರಿಟಿಷರ ಕ್ಲಬ್ಬುಗಳ ಮೂಲಕ: ಕಲ್ಕತ್ತಾ ರೋಯಿಂಗ್ ಕ್ಲಬ್ 1858ರಲ್ಲಿ, ಮದ್ರಾಸ್ ಬೋಟ್ ಕ್ಲಬ್ 1867ರಲ್ಲಿ ಹುಟ್ಟಿದವು. ಸ್ವಾತಂತ್ರ್ಯದ ನಂತರ ಇದನ್ನು ಸಾಕಿದ್ದು ಮುಖ್ಯವಾಗಿ ಸೇನೆ. ಪುಣೆಯಲ್ಲಿ ಅದರ ತರಬೇತಿ ಕೇಂದ್ರವಿದೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ರೋಯಿಂಗ್‌ನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ಠಾಖರ್, 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಮಹಾರಾಷ್ಟ್ರದ ದತ್ತು ಭೋಕನಳ್ ಇಬ್ಬರೂ ಸೈನಿಕರು. ದತ್ತು ಹುಟ್ಟು ಹಿಡಿದದ್ದೇ ಸೇನೆ ಸೇರಿದ ಮೇಲೆ. ಅಮೆರಿಕದಲ್ಲಿ ರೋಯಿಂಗ್ ಕಾಲೇಜಿಗೆ ಒಯ್ಯುವ ದಾರಿಯಾದರೆ ಭಾರತದಲ್ಲಿ ನೌಕರಿಯೇ ರೋಯಿಂಗ್‌ಗೆ ತಂದು ಬಿಡುವ ದಾರಿಯಾಗಿದೆ.

ಇತ್ತೀಚಿನ ಬದಲಾವಣೆಗಳು

ಕಾಲೇಜು ಕ್ರೀಡೆಯ ಹಣಕಾಸು ಈಗ ತಳಮಳದಲ್ಲಿದೆ. ಸ್ಟ್ಯಾನ್‌ಫರ್ಡ್ 2020ರಲ್ಲಿ ಪುರುಷರ ರೋಯಿಂಗ್ ಸೇರಿ 11 ಕ್ರೀಡೆಗಳನ್ನು ಕೈಬಿಡುವುದಾಗಿ ಪ್ರಕಟಿಸಿ, ಹಳೆಯ ವಿದ್ಯಾರ್ಥಿಗಳು ತಿರುಗಿಬಿದ್ದ ಮೇಲೆ 2021ರಲ್ಲಿ ನಿರ್ಧಾರ ಹಿಂಪಡೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಒಪ್ಪಂದದಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಇದಕ್ಕೆ ಒಪ್ಪಿದ ಕಡೆ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೇ ಮಿತಿ ಬಂದಿದೆ. ಮಹಿಳಾ ರೋಯಿಂಗ್‌ಗೆ ಅದು 68. ಐವಿ ಲೀಗ್ ಈ ಏರ್ಪಾಡಿನಿಂದ ಹೊರಗುಳಿದಿದೆ. ಆಟಗಾರರಿಗೆ ಹೋಗುವ ಹಣದ ಬಹುಪಾಲು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗಳದ್ದೇ ಆಗುವುದರಿಂದ ಆದಾಯವಿಲ್ಲದ ಕ್ರೀಡೆಗಳ ಮೇಲೆ ಕತ್ತರಿ ಬೀಳುವ ಆತಂಕವಿದೆ. ತಂಡದ ಗಾತ್ರ ಇಳಿದರೆ ಮೊದಲು ಜಾಗ ಕಳೆದುಕೊಳ್ಳುವವರು ಕ್ಯಾಂಪಸ್ಸಿಗೆ ಬಂದ ಮೇಲೆ ಕಲಿಯುವ ವಾಕ್ ಆನ್‌ಗಳು. ಜೋ ರ‍್ಯಾಂಟ್ಸ್ ಮತ್ತು ಅನಿಟ ಡಿಫ್ರಾಂಟ್ಸ್ ಬಂದದ್ದು ಇದೇ ಬಾಗಿಲಿನಿಂದ.

ಸ್ಪರ್ಧೆಯ ಸ್ವರೂಪವೂ ಬದಲಾಗುತ್ತಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಬಳಿಕ ಆ ಕ್ರೀಡಾಕೂಟದಿಂದ ಹಗುರ ತೂಕದ ವಿಭಾಗವನ್ನು ಕೈಬಿಡಲಾಗಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, ಲಾಂಗ್ ಬೀಚ್‌ನ ಜಲಕ್ರೀಡಾಂಗಣ ಚಿಕ್ಕದಾದ್ದರಿಂದ ದೂರ 1500 ಮೀಟರಿಗೆ ಇಳಿಯುತ್ತದೆ. ಮರಳ ಮೇಲೆ ಓಡಿಬಂದು ದೋಣಿ ಹತ್ತಿ ಅಲೆಗಳ ನಡುವೆ ಸಾಗುವ ಬೀಚ್ ಸ್ಪ್ರಿಂಟ್ ಹೊಸದಾಗಿ ಸೇರುತ್ತದೆ.